ರಿಟರ್ನ್ ಹೋಗುತ್ತಿಲ್ಲವಾ? ತಪ್ಪು ಎಲ್ಲಿ ಕೂತಿದೆ ಅಂತ ಹೀಗೆ ಹುಡುಕಿ

ಕಡೇ ದಿನ ರಾತ್ರಿ ಹತ್ತೂವರೆ ದಾಟಿದ ಮೇಲೆ ಬರುವ ಫೋನುಗಳಲ್ಲಿ ಇರುವುದು ಒಂದೇ ಮಾತು. "ಮಾರಾಯ್ರೇ, ಸರ್ವರ್ ಡೌನ್." ನಾನು ತಿರುಗಿ ಕೇಳುವುದೂ ಒಂದೇ. "ಯಾವ ಪುಟದಲ್ಲಿ ನಿಂತಿದೆ? ಅಲ್ಲಿ ಏನು ಬರೆದಿದೆ, ಓದಿ ಹೇಳಿ." ಜಾಸ್ತಿ ಜನ ಓದಿರುವುದೇ ಇಲ್ಲ. ಕೆಂಪು ಅಕ್ಷರ ಕಂಡ ಕೂಡಲೇ ಮುಚ್ಚಿ, ಮೊದಲಿಂದ ಲಾಗಿನ್ ಆಗಿ, ಮತ್ತೆ ಅದೇ ಜಾಗಕ್ಕೆ ಬಂದು ನಿಂತಿರುತ್ತಾರೆ.

ಶಿರಸಿಯಲ್ಲಿ ಒಂದು ಚಿಕ್ಕ ಟ್ಯಾಕ್ಸ್ ಆಫೀಸು ನನ್ನದು. ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ, ಎರಡು ಮೂರು ಸೊಸೈಟಿಗಳ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ), ಸಂಬಳದವರ ಐಟಿ ರಿಟರ್ನ್, ಇಷ್ಟೇ ಕೆಲಸ. ಸರ್ವರ್ ಬೀಳುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬೀಳುತ್ತದೆ, ಅದರ ವಿಷಯ ಕೊನೆಯಲ್ಲಿ ಬರೆದಿದ್ದೇನೆ. ಆದರೆ ನನ್ನ ಟೇಬಲ್ಲಿಗೆ ಬರುವ ಕೇಸುಗಳು ಸಿಕ್ಕಿಕೊಂಡಿರುವುದು ಸಾಮಾನ್ಯವಾಗಿ ಬೇರೆ ಕಡೆ. ಹಳೇದಕ್ಕೆ ಹೊಸದನ್ನು ಹೊಲಿದ ಜಾಗದಲ್ಲಿ. ಇಪ್ಪತ್ತು ವರ್ಷದ ಹಿಂದೆ ಗೊತ್ತುಮಾಡಿದ ಫೈಲ್ ನಮೂನೆ ಒಂದಿದೆ. ಅದನ್ನು ತಪಾಸಣೆ ಮಾಡಲು ಜಾವಾ ಪ್ರೋಗ್ರಾಂ ಇದೆ. ಪಕ್ಕದಲ್ಲಿ ನಿನ್ನೆ ರಾತ್ರಿ ತಾನೇ ಅಪ್‌ಡೇಟ್ ಆದ ಬ್ರೌಸರ್ ಇದೆ. ಇವೆರಡರ ನಡುವೆ ಸಹಿ ಹಾಕುವ ಒಂದು ಯುಎಸ್‌ಬಿ ಟೋಕನ್. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇರುತ್ತದೆ.

ಮೊದಲ ಐದು ನಿಮಿಷ: ನಮಗೆ ಮಾತ್ರವಾ, ಎಲ್ಲರಿಗೂನಾ?

ಏನನ್ನೂ ರಿಪೇರಿ ಮಾಡುವ ಮೊದಲು ಇದು ಗೊತ್ತಾಗಬೇಕು. ನಾನು ಮಾಡುವುದು ಇಷ್ಟು. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಕ್ಲೈಂಟಿನ ಲಾಗಿನ್ ಹಾಕಿ ನೋಡುತ್ತೇನೆ. ಅದು ಒಳಗೆ ಹೋದರೆ ತೊಂದರೆ ಮೊದಲನೆಯವರ ಖಾತೆಯಲ್ಲೋ ಮಾಹಿತಿಯಲ್ಲೋ ಇದೆ. ಎರಡೂ ಹೋಗದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನೋಡುತ್ತೇನೆ. ಆಗ ಹೋದರೆ ಆಫೀಸಿನ ಇಂಟರ್ನೆಟ್ ಅಥವಾ ರೌಟರ್. ಆಗಲೂ ಇಲ್ಲ ಅಂದರೆ ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಗೆಳೆಯನಿಗೆ ಫೋನ್. ಅವನಿಗೂ ಹೋಗುತ್ತಿಲ್ಲ ಅಂದಾಗ ಮಾತ್ರ ಸರ್ವರನ್ನು ಬೈಯಲು ನನಗೆ ಹಕ್ಕು ಬರುತ್ತದೆ.

ಬ್ರೌಸರಿನ ಗುಪ್ತ ವಿಂಡೋ, ಅಂದರೆ ಇನ್‌ಕಾಗ್ನಿಟೋ ತೆರೆದು ನೋಡುವುದನ್ನೂ ಮರೆಯಬೇಡಿ. ಅಲ್ಲಿ ಸರಿ ಹೋದರೆ ಹಳೇ ಕುಕೀ, ಕ್ಯಾಶೆ ಅಥವಾ ಯಾವುದೋ ಎಕ್ಸ್‌ಟೆನ್ಷನ್ ಅಡ್ಡ ಬಂದಿದೆ ಅಂತ ಅರ್ಥ. ಜಾಹೀರಾತು ತಡೆಯಲು ಹಾಕಿಕೊಂಡ ಎಕ್ಸ್‌ಟೆನ್ಷನ್, ಪೋರ್ಟಲ್ ತೆರೆಯುವ ಚಿಕ್ಕ ಪಾಪ್‌ಅಪ್ ಕಿಟಕಿಯನ್ನೂ ಜಾಹೀರಾತು ಅಂದುಕೊಂಡು ನುಂಗಿಬಿಡುತ್ತದೆ.

ಇಲ್ಲಿ ನನ್ನದೇ ಒಂದು ಪೆಚ್ಚು ಕಥೆ ಹೇಳಬೇಕು. ಒಂದು ಬೆಳಗ್ಗೆ ಆಫೀಸಿನ ಹಳೇ ಡೆಸ್ಕ್‌ಟಾಪಿನಲ್ಲಿ ಯಾವ ಪೋರ್ಟಲೂ ತೆರೆಯಲಿಲ್ಲ. ಎಲ್ಲಾ ಕಡೆ "ಸಂಪರ್ಕ ಸುರಕ್ಷಿತವಲ್ಲ" ಅಂತ ಎಚ್ಚರಿಕೆ. ಸರ್ಕಾರದವರು ಸರ್ಟಿಫಿಕೇಟ್ ನವೀಕರಿಸಲು ಮರೆತಿದ್ದಾರೆ ಅಂತ ನಾಲ್ಕು ಜನಕ್ಕೆ ಫೋನ್ ಮಾಡಿ ಪಾಂಡಿತ್ಯ ತೋರಿಸಿದೆ. ಮಧ್ಯಾಹ್ನ ಟೀ ತಂದ ಹುಡುಗ ಸ್ಕ್ರೀನಿನ ಮೂಲೆ ನೋಡಿ, "ಸಾರ್, ನಿಮ್ ಕಂಪ್ಯೂಟರಲ್ಲಿ ಇನ್ನೂ 2009" ಅಂದ. ರಾತ್ರಿ ಕರೆಂಟು ಹೋಗಿತ್ತು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಗಡಿಯಾರ ಹುಟ್ಟಿದ ದಿನಕ್ಕೆ ಹಿಂದೆ ಹೋಗಿತ್ತು. 2009ರಲ್ಲಿ ಕೂತು ನೋಡಿದರೆ ಈಗಿನ ಸರ್ಟಿಫಿಕೇಟುಗಳು ಇನ್ನೂ ಚಾಲ್ತಿಗೇ ಬಂದಿಲ್ಲ, ಬ್ರೌಸರ್ ಬೇಡ ಅನ್ನದೆ ಏನು ಮಾಡೀತು? ಅಂದಿನಿಂದ ನನ್ನ ಪಟ್ಟಿಯಲ್ಲಿ ಮೊದಲ ಸಾಲು: ದಿನಾಂಕ, ಸಮಯ ನೋಡು. ಸಿಆರ್ 2032 ಅನ್ನುವ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಟಿಡಿಎಸ್ ಫೈಲ್ ತಪಾಸಣೆ ದಾಟುತ್ತಿಲ್ಲ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಜನ ಜಾಸ್ತಿ ಹೊತ್ತು ಕಳೆದುಕೊಳ್ಳುವುದು ಇಲ್ಲೇ.

ಟಿಡಿಎಸ್ ರಿಟರ್ನನ್ನು ಕಂಪ್ಯೂಟರ್ ಫೈಲಿನಲ್ಲಿ ಕೊಡುವ ಯೋಜನೆ ಬಂದದ್ದು 2003ರಲ್ಲಿ. ಆ ಕಾಲಕ್ಕೆ ತಕ್ಕಂತೆ ಒಂದು ಸಾದಾ ಪಠ್ಯದ ಫೈಲನ್ನು ಗೊತ್ತುಮಾಡಿದರು. ಆರ್‌ಪಿಯು, ಅಂದರೆ ಟಿಡಿಎಸ್ ರಿಟರ್ನ್ ತಯಾರಿಸುವ ಪ್ರೋಗ್ರಾಂ, ಅದರಲ್ಲಿ ನೀವು ತುಂಬಿದ್ದೆಲ್ಲ ಕೊನೆಗೆ ಆಗುವುದು ಇದೇ. ಒಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಭಯ ಬೇಡ. ಒಂದೊಂದು ಸಾಲು ಒಂದೊಂದು ದಾಖಲೆ. ಸಾಲಿನೊಳಗೆ ಒಂದೊಂದು ಮಾಹಿತಿಯ ನಡುವೆ ^ ಈ ಟೋಪಿ ಗುರುತು. ಮೊದಲ ಸಾಲಿನಲ್ಲಿ ಎಫ್‌ಎಚ್ ಅಂತ ಇರುತ್ತದೆ, ಅದು ಫೈಲಿನ ತಲೆ. ಎರಡನೆಯದು ಬಿಎಚ್, ತೆರಿಗೆ ಹಿಡಿದವರ ವಿವರ. ಆಮೇಲೆ ಸಿಡಿ ಅಂದರೆ ಚಲನ್, ತೆರಿಗೆ ಕಟ್ಟಿದ ರಸೀದಿ. ಒಂದೊಂದು ಚಲನ್ ಕೆಳಗೆ ಡಿಡಿ, ಅಂದರೆ ಯಾರಿಂದ ತೆರಿಗೆ ಹಿಡಿದಿರೋ ಅವರ ಸಾಲುಗಳು.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ತಪಾಸಣೆ ಮಾಡುವ ಎಫ್‌ವಿಯು ಪ್ರೋಗ್ರಾಂ ಸೋತಾಗ ಒಂದು ದೋಷಪಟ್ಟಿ ಕೊಡುತ್ತದೆ. ಅದರಲ್ಲಿ ಸಾಲಿನ ಸಂಖ್ಯೆ ಇರುತ್ತದೆ. ಜನ ದೋಷದ ವಿವರಣೆ ಓದಿ ತಲೆ ಕೆಡಿಸಿಕೊಳ್ಳುತ್ತಾರೆ, ಸಾಲಿನ ಸಂಖ್ಯೆ ನೋಡುವುದಿಲ್ಲ. 47ನೇ ಸಾಲು ಅಂದರೆ ಪಠ್ಯದ ಫೈಲಿನ 47ನೇ ಸಾಲು. ಅಲ್ಲಿಗೆ ಹೋದರೆ ಯಾರ ಹೆಸರು, ಯಾವ ಪ್ಯಾನ್ ಅಂತ ಕಣ್ಣಿಗೇ ಕಾಣುತ್ತದೆ. ಆದರೆ ತಿದ್ದುವುದು ಆರ್‌ಪಿಯುಗೆ ವಾಪಸ್ ಹೋಗಿಯೇ. ತಪಾಸಣೆ ದಾಟಿ ಬಂದ ಎಫ್‌ವಿಯು ಫೈಲನ್ನಂತೂ ಕೈಯಿಂದ ತಿದ್ದಲೇಬೇಡಿ. ಒಂದು ಅಕ್ಷರ ಬದಲಾದರೂ ಪೋರ್ಟಲ್ ಬೇಡ ಅನ್ನುತ್ತದೆ.

ಸಾಲು ನೋಡಲು ಸರಿಯಾಗಿದೆ, ಆದರೂ ದೋಷ ಬರುತ್ತಿದೆ ಅಂದರೆ ಕಣ್ಣಿಗೆ ಕಾಣದ ಅಕ್ಷರ ಇರಬಹುದು. ಈ ಫೈಲಿಗೆ ಗೊತ್ತಿರುವುದು ಆಸ್ಕಿ ಅಕ್ಷರಗಳು ಮಾತ್ರ, ಅಂದರೆ ಸಾದಾ ಇಂಗ್ಲಿಷ್ ಕೀಬೋರ್ಡಿನಲ್ಲಿ ಇರುವಷ್ಟು. ಒಂದು ಸೊಸೈಟಿಯ ಫೈಲು ಎರಡು ದಿನ ನಮ್ಮನ್ನು ಕುಣಿಸಿತು. ಕೊನೆಗೆ ನೋಡಿದರೆ ನಮ್ಮ ಆಫೀಸಿನ ಹುಡುಗಿಯೇ ಗುತ್ತಿಗೆದಾರರ ಹೆಸರನ್ನು ವಾಟ್ಸಾಪ್ ಸಂದೇಶದಿಂದ ಕಾಪಿ ಮಾಡಿ ಅಂಟಿಸಿದ್ದಳು. ಹೆಸರಿನ ಕೊನೆಗೆ ಖಾಲಿ ಜಾಗದಂತೆ ಕಾಣುವ, ಆದರೆ ಖಾಲಿ ಜಾಗ ಅಲ್ಲದ ಒಂದು ಅಕ್ಷರ ಬಂದು ಕೂತಿತ್ತು. ವರ್ಡ್ ಫೈಲಿನಿಂದ ತೆಗೆದರೆ ಬಾಗಿದ ಉದ್ಧರಣ ಚಿಹ್ನೆ, ಉದ್ದ ಗೆರೆ ಇಂಥವು ಬರುತ್ತವೆ. ಇದಕ್ಕೆ ಮದ್ದು ಸುಲಭ. ಅಂಟಿಸಿದ ಹೆಸರನ್ನು ಪೂರ್ತಿ ಅಳಿಸಿ ಕೈಯಿಂದ ಟೈಪ್ ಮಾಡಿ. ನೂರಾರು ಹೆಸರಿದ್ದರೆ ಮೊದಲು ನೋಟ್‌ಪ್ಯಾಡಿಗೆ ಹಾಕಿ, ಎನ್‌ಕೋಡಿಂಗ್ ಆನ್ಸಿ ಅಂತ ಆರಿಸಿ ಉಳಿಸಿ. ಆನ್ಸಿಗೆ ಗೊತ್ತಿಲ್ಲದ ಅಕ್ಷರಗಳು ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಯಾಗಿ ಬಯಲಿಗೆ ಬೀಳುತ್ತವೆ. ಬಾಗಿದ ಉದ್ಧರಣ ಚಿಹ್ನೆ, ಉದ್ದ ಗೆರೆ ಆನ್ಸಿಯಲ್ಲೂ ಇರುವುದರಿಂದ ಹಾಗೆಯೇ ಉಳಿಯಬಹುದು, ಅವನ್ನು ಹುಡುಕಿ ಬದಲಿಸಿ.

ಇನ್ನೊಂದು ಸಾಲಿನ ಕೊನೆಯದ್ದು. ಈ ಫೈಲಿನಲ್ಲಿ ಪ್ರತಿ ಸಾಲಿನ ಕೊನೆಗೂ ಎರಡು ಗುಪ್ತ ಅಕ್ಷರ ಇರಲೇಬೇಕು, ಕಟ್ಟಕಡೆಯ ಸಾಲಿಗೂ ಸೇರಿ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸಾಲು ಮುಗಿದಾಗ ಟೈಪ್‌ರೈಟರಿನ ಗಾಡಿಯನ್ನು ಹಿಂದಕ್ಕೆ ತಳ್ಳುವುದು ಒಂದು ಕೆಲಸ, ಹಾಳೆಯನ್ನು ಒಂದು ಸಾಲು ಮೇಲಕ್ಕೆ ಸುತ್ತುವುದು ಇನ್ನೊಂದು. ಆ ಎರಡು ಕೆಲಸ ಇವತ್ತಿಗೂ ನಮ್ಮ ಟಿಡಿಎಸ್ ಫೈಲಿನಲ್ಲಿ ಎರಡು ಅಕ್ಷರಗಳಾಗಿ ಉಳಿದಿವೆ. ವಿಂಡೋಸ್ ಎರಡನ್ನೂ ಹಾಕುತ್ತದೆ. ಲಿನಕ್ಸ್, ಮ್ಯಾಕ್ ಒಂದನ್ನೇ ಹಾಕುತ್ತವೆ. ಬೆಂಗಳೂರಲ್ಲಿ ಓದುವ ಮಗ ತನ್ನ ಮ್ಯಾಕ್‌ಬುಕ್ಕಿನಲ್ಲಿ ಅಪ್ಪನ ಫೈಲು "ಸರಿ ಮಾಡಿ" ಕಳಿಸಿದ ಮೇಲೆ ಅದು ಪೂರ್ತಿ ಕೆಟ್ಟ ಉದಾಹರಣೆ ನನ್ನ ಬಳಿ ಇದೆ.

ಚಲನ್ ಹೊಂದುತ್ತಿಲ್ಲ ಅಂದರೆ ಮೊದಲು ಸಿಎಸ್‌ಐ ಫೈಲ್ ನೋಡಿ, ಅಂದರೆ ಕಟ್ಟಿದ ಚಲನ್‌ಗಳ ವಿವರ ಇರುವ ಫೈಲ್. ಅದನ್ನು ಇಳಿಸಿಕೊಳ್ಳುವಾಗ ಕೊಟ್ಟ ಅವಧಿಯಲ್ಲಿ ಚಲನ್ ಕಟ್ಟಿದ ದಿನ ಸೇರಿದೆಯಾ? ತ್ರೈಮಾಸಿಕದ ಕೊನೆಯ ದಿನದವರೆಗೆ ಮಾತ್ರ ಕೊಟ್ಟು, ಮುಂದಿನ ತಿಂಗಳು 7ಕ್ಕೆ ಕಟ್ಟಿದ ಚಲನ್ ಸಿಗುತ್ತಿಲ್ಲ ಅಂತ ಹುಡುಕುವವರು ಜಾಸ್ತಿ.

ಪ್ರೋಗ್ರಾಂ ತೆರೆಯುವುದೇ ಇಲ್ಲ

ಆರ್‌ಪಿಯು ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿನ್‌ರಾರ್ ತೆರೆದುಕೊಂಡು ಒಳಗಿನ ನೂರಾರು ಫೈಲು ತೋರಿಸುತ್ತಿದೆಯಾ? ಪ್ರೋಗ್ರಾಂ ಕೆಟ್ಟಿಲ್ಲ. ಜಾರ್ ಎಂಬ ಈ ಬಗೆಯ ಫೈಲು ಹೊರಗಿನಿಂದ ಝಿಪ್ ಫೈಲಿನಂತೆಯೇ ಇರುತ್ತದೆ, ವಿನ್‌ರಾರ್ ಅದನ್ನು ತನ್ನದು ಅಂತ ಹಿಡಿದುಕೊಂಡಿದೆ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಇದರಿಂದ ತೆರೆ ಅನ್ನುವಲ್ಲಿ ಜಾವಾ ಆರಿಸಿ. ಪಟ್ಟಿಯಲ್ಲಿ ಜಾವಾ ಕಾಣದಿದ್ದರೆ ಅದು ಇನ್‌ಸ್ಟಾಲ್ ಆಗಿಲ್ಲ.

ಜಾವಾ ಇದೆ, ಆದರೂ ಏನೂ ಆಗುತ್ತಿಲ್ಲ ಅಂದರೆ ಕಂಪ್ಯೂಟರಿನಲ್ಲಿ ಎಷ್ಟು ಜಾವಾ ಇವೆ ಅಂತ ಎಣಿಸಿ. ಕಂಟ್ರೋಲ್ ಪ್ಯಾನೆಲ್ ತೆರೆದು ನೋಡಿದರೆ ಮೂರು ನಾಲ್ಕು ಸಿಗುವುದುಂಟು. ಒಂದು 32 ಬಿಟ್, ಒಂದು 64 ಬಿಟ್, ಒಂದು ಇನ್ಯಾವುದೋ ಸಾಫ್ಟ್‌ವೇರ್ ಜೊತೆಗೆ ಬಂದದ್ದು. ಎಲ್ಲಾ ತೆಗೆದುಹಾಕಿ, ಆ ಪ್ರೋಗ್ರಾಂ ಜೊತೆಗಿನ ಸೂಚನೆಯಲ್ಲಿ ಹೇಳಿದ ಒಂದೇ ಆವೃತ್ತಿ ಇಟ್ಟುಕೊಳ್ಳಿ. ಹೊಸದು ಹಾಕಿದರೆ ಒಳ್ಳೆಯದು ಅನ್ನುವ ಬುದ್ಧಿ ಇಲ್ಲಿ ಬೇಡ. ಫೋಲ್ಡರನ್ನು ಡೆಸ್ಕ್‌ಟಾಪಿನ ಮೇಲೆ "ಹೊಸ ಟಿಡಿಎಸ್ ಫೈನಲ್ 2" ಅಂತೆಲ್ಲ ಹೆಸರಿಟ್ಟು ಇಡದೆ, ಸಿ ಡ್ರೈವಿನಲ್ಲಿ ಜಾಗ ಬಿಡದ ಒಂದೇ ಪದದ ಇಂಗ್ಲಿಷ್ ಹೆಸರಿನಲ್ಲಿ ಇಡಿ.

ರಿಟರ್ನ್ ತುಂಬಲು ಇಲಾಖೆ ಕೊಡುವ ಎಕ್ಸೆಲ್ ಫೈಲ್, ಅಂದರೆ ಎಕ್ಸೆಲ್ ಯುಟಿಲಿಟಿಯ ಕಥೆ ಬೇರೆ. ಅದರ ಒಳಗೆ ಕೆಲಸ ಮಾಡುವುದು ಮ್ಯಾಕ್ರೋ ಎಂಬ ಚಿಕ್ಕ ಪ್ರೋಗ್ರಾಂ. ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ವೈರಸ್ ಭಯಕ್ಕೆ ಮಾಡಿದ ಸರಿಯಾದ ಕೆಲಸವೇ. ಆದರೆ ನಮ್ಮ ಕಡೆ ಕಾಣುವುದು ಏನು? ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಅಷ್ಟೇ. ಫೈಲ್ ಮುಚ್ಚಿ, ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೆಳಗಡೆ ಅನ್‌ಬ್ಲಾಕ್ ಅಂತ ಚಿಕ್ಕ ಚೌಕ ಇರುತ್ತದೆ, ಟಿಕ್ ಹಾಕಿ. ಇಲಾಖೆಯ ಸೈಟಿನಿಂದ ನೀವೇ ಇಳಿಸಿದ ಫೈಲಿಗೆ ಮಾತ್ರ ಇದನ್ನು ಮಾಡಿ. ಗೆಳೆಯರು ಫಾರ್ವರ್ಡ್ ಮಾಡಿದ ಫೈಲಿಗೆ ಬೇಡ. ಹಾಗೆಯೇ ವಿಂಡೋಸ್ ದಿನಾಂಕದ ಸೆಟ್ಟಿಂಗ್ ಅಮೆರಿಕ ಅಂತ ಇದ್ದರೆ ಜೂನ್ 5 ಹೋಗಿ ಮೇ 6 ಆಗುತ್ತದೆ. ಅದನ್ನು ಭಾರತಕ್ಕೆ ಬದಲಿಸಿ.

ಹಳೇ ಸಾಫ್ಟ್‌ವೇರಿನಲ್ಲಿ ಮಾಡಿದ ಎಕ್ಸ್‌ಎಂಎಲ್ ಫೈಲನ್ನು ಐಟಿ ರಿಟರ್ನ್ ಅಂತ ಏರಿಸಲು ನೋಡುತ್ತಿದ್ದರೆ ಅಲ್ಲೇ ನಿಲ್ಲಿಸಿ. 2021ರಿಂದ ಆ ಫೈಲಿನ ನಮೂನೆ ಜೇಸನ್ ಆಗಿದೆ.

ಸಹಿ ಬೀಳುತ್ತಿಲ್ಲ

ಡಿಜಿಟಲ್ ಸಹಿ, ನಾವೆಲ್ಲ ಡಿಎಸ್‌ಸಿ ಅನ್ನುವುದು. ಇಲ್ಲಿ ಯಾಕೆ ಇಷ್ಟು ಗೋಳು ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲು ಬ್ರೌಸರ್ ಒಳಗೇ ಜಾವಾ ಆಪ್ಲೆಟ್ ಓಡುತ್ತಿತ್ತು, ಅದು ನೇರವಾಗಿ ಟೋಕನ್ ಓದಿ ಸಹಿ ಹಾಕುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ ಆ ಬಾಗಿಲು ಮುಚ್ಚಿತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ ಮುಚ್ಚಿತು. ಸ್ವಲ್ಪ ಕಾಲ ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ ಗತಿಯಾಗಿತ್ತು. 2022ರ ಜೂನ್ 15ಕ್ಕೆ ಅದಕ್ಕೂ ನಿವೃತ್ತಿ ಆಯಿತು. ಸರ್ಕಾರಿ ಕೆಲಸಕ್ಕೆ ಅಂತಲೇ ಒಂದು ಹಳೇ ಕಂಪ್ಯೂಟರನ್ನು ಅಪ್‌ಡೇಟ್ ಮಾಡದೆ ಇಟ್ಟುಕೊಂಡವರು ನಮ್ಮ ಊರಲ್ಲಿ ಎಷ್ಟೋ ಜನ ಇದ್ದರು, ನಾನೂ ಅವರಲ್ಲೊಬ್ಬ.

ಬ್ರೌಸರ್ ಬಾಗಿಲು ಮುಚ್ಚಿದ ಮೇಲೆ ಕಿಟಕಿ ಕೊರೆದರು. ಈಗ ಜಿಎಸ್‌ಟಿ ಪೋರ್ಟಲಿನಲ್ಲಿ ನಡೆಯುವುದು ಹೀಗೆ. ನಿಮ್ಮ ಕಂಪ್ಯೂಟರಿನಲ್ಲೇ ಎಮ್‌ಸೈನರ್ ಎಂಬ ಚಿಕ್ಕ ಪ್ರೋಗ್ರಾಂ ಕೂತಿರುತ್ತದೆ. ಪೋರ್ಟಲಿನ ಪುಟ ಅದರ ಜೊತೆ 127.0.0.1 ಎಂಬ ವಿಳಾಸದಲ್ಲಿ, ಸಾಮಾನ್ಯವಾಗಿ 1585ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಮಾತಾಡುತ್ತದೆ. 127.0.0.1 ಅಂದರೆ ಬೇರೆ ಯಾವುದೂ ಅಲ್ಲ, ನಿಮ್ಮದೇ ಕಂಪ್ಯೂಟರ್. ಅಂದರೆ "ಸರ್ವರ್ ಜೊತೆ ಸಂಪರ್ಕ ಆಗಲಿಲ್ಲ, ಎಮ್‌ಸೈನರ್ ಮತ್ತೆ ಶುರು ಮಾಡಿ" ಅಂತ ಬಂದಾಗ ಅಲ್ಲಿ ಸರ್ವರ್ ಅಂದರೆ ದೂರದ ಯಾವುದೋ ಯಂತ್ರ ಅಲ್ಲ, ನಿಮ್ಮ ಮೇಜಿನ ಮೇಲಿರುವುದೇ! ಆ ಒಂದು ಪದದಿಂದ ಎಷ್ಟು ಜನ ಸುಮ್ನೆ ರಾತ್ರಿಯಿಡೀ ಕಾದಿದ್ದಾರೋ.

ಹುಡುಕುವ ದಾರಿ ಹೀಗೆ. ಮೊದಲು ಟೋಕನ್ ತೆಗೆದು ಬೇರೆ ಯುಎಸ್‌ಬಿ ಜಾಗಕ್ಕೆ ಹಾಕಿ, ಸಾಧ್ಯವಾದರೆ ಕಂಪ್ಯೂಟರಿನ ಹಿಂಬದಿಗೆ. ಟೋಕನ್ ಜೊತೆ ಬಂದ ಸಾಫ್ಟ್‌ವೇರ್ ತೆರೆದು ಸರ್ಟಿಫಿಕೇಟ್ ಕಾಣುತ್ತಾ ನೋಡಿ. ಅಲ್ಲೇ ಕಾಣದಿದ್ದರೆ ಡ್ರೈವರ್ ತೊಂದರೆ, ಪೋರ್ಟಲ್ ಮುಟ್ಟಲು ಹೋಗಬೇಡಿ. ಕಂಡರೆ ಅದರ ಅವಧಿ ಮುಗಿದಿದೆಯಾ ಅಂತ ಓದಿ. ಆಮೇಲೆ ಎಮ್‌ಸೈನರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಹಾಕಿ 127.0.0.1:1585 ಅಂತ ತೆರೆಯಿರಿ. ಸುರಕ್ಷಿತವಲ್ಲ ಅಂತ ಬಂದರೆ ಅಡ್ವಾನ್ಸ್ಡ್ ಒತ್ತಿ ಮುಂದುವರಿಯಿರಿ. ಆ ಎಚ್ಚರಿಕೆ ದಾಟುವುದು ಈ ವಿಳಾಸಕ್ಕೆ ಮಾತ್ರ, ಬೇರೆ ಎಲ್ಲೂ ಅಲ್ಲ. ಪುಟ ತೆರೆಯುವುದೇ ಇಲ್ಲ ಅಂದರೆ ಪ್ರೋಗ್ರಾಂ ಓಡುತ್ತಿಲ್ಲ, ಅಥವಾ ಆಂಟಿವೈರಸ್ ಹಿಡಿದಿದೆ, ಅಥವಾ ಆ ಪೋರ್ಟಿನಲ್ಲಿ ಇನ್ನೊಂದು ಪ್ರೋಗ್ರಾಂ ಕೂತಿದೆ. ಒಂದೊಂದು ಪೋರ್ಟಲಿಗೆ ಒಂದೊಂದು ಸಹಿ ಪ್ರೋಗ್ರಾಂ ಹಾಕಿಸಿಕೊಂಡ ಕಂಪ್ಯೂಟರಿನಲ್ಲಿ ಇವು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಜಗಳ ಆಡುತ್ತವೆ. ಬೇಡದ್ದನ್ನು ಮುಚ್ಚಿ.

ಎಲ್ಲಾ ಸರಿ ಇದ್ದೂ ಸಹಿ ಹೊಂದುತ್ತಿಲ್ಲ ಅಂದರೆ: ಡಿಎಸ್‌ಸಿ ಈಚೆಗೆ ನವೀಕರಿಸಿದ್ದೀರಾ? ಹಾಗಿದ್ದರೆ ಪೋರ್ಟಲಿನಲ್ಲಿ ಅದನ್ನು ಮತ್ತೆ ನೋಂದಾಯಿಸಬೇಕು. ಪಿನ್ ನೆನಪಿಲ್ಲದಿದ್ದರೆ ಊಹೆ ಮಾಡುತ್ತಾ ಹೋಗಬೇಡಿ, ಕೆಲವು ಸಲ ತಪ್ಪಾದ ಮೇಲೆ ಟೋಕನ್ ಲಾಕ್ ಆಗುತ್ತದೆ. ಕಡೇ ದಿನ ಲಾಕ್ ಆದ ಟೋಕನ್ನಿಗೆ ಮದ್ದಿಲ್ಲ.

ಬ್ಯಾಂಕಿನ ಕಡೆ ಒಂದೇ ಮಾತು. ದುಡ್ಡು ಹೋಯಿತು, ಚಲನ್ ಬರಲಿಲ್ಲ ಅಂದರೆ ಗಾಬರಿಯಲ್ಲಿ ಎರಡನೇ ಸಲ ಕಟ್ಟಬೇಡಿ. ಪೋರ್ಟಲಿನ ಪಾವತಿ ಇತಿಹಾಸದಲ್ಲೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ನೋಡಿಕೊಳ್ಳಿ, ಆಮೇಲೆ ತೀರ್ಮಾನ ಮಾಡಿ.

ಈಗ ನಿಜವಾಗಿಯೂ ಸರ್ವರ್ ಬಿದ್ದಿದೆ

ಹುಬ್ಬಳ್ಳಿಯ ಗೆಳೆಯನಿಗೂ ಹೋಗುತ್ತಿಲ್ಲ. ಪುಟ ಬಿಳಿಯಾಗಿ ಸುತ್ತುತ್ತಿದೆ. ಈಗ ಎಲ್ಲರ ಬಾಯಲ್ಲೂ ಬರುವ ಮಾತು, "ಓಬೀರಾಯನ ಕಾಲದ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ". ಇದು ನಿಜವಾ? ದೊಡ್ಡದಾಗಿ ಬಿದ್ದು, ಯಾಕೆ ಬಿತ್ತು ಅಂತ ತನಿಖೆಯೂ ಆದ ಒಂದು ಕೇಸು ಅಮೆರಿಕದ್ದಿದೆ.

2018ರ ಏಪ್ರಿಲ್ 17. ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಅದು ಕಡೇ ದಿನ. ಬೆಳಗ್ಗೆಯಿಂದಲೇ ಆನ್‌ಲೈನ್ ರಿಟರ್ನ್ ತೆಗೆದುಕೊಳ್ಳುವ ವ್ಯವಸ್ಥೆಯೂ ಹಣ ಕಟ್ಟುವ ಪುಟವೂ ನಿಂತವು. ಹಣ ಕಟ್ಟಲು ಹೋದವರಿಗೆ ಕಂಡ ಸಂದೇಶದಲ್ಲಿ "ಯೋಜಿತ ಸ್ಥಗಿತ" ಅಂತ ಬರೆದಿತ್ತು, ಏಪ್ರಿಲ್ 17, 2018ರಿಂದ ಡಿಸೆಂಬರ್ 31, 9999ರ ವರೆಗೆ. ಜನ ನಕ್ಕಿದ್ದೇ ನಕ್ಕಿದ್ದು. ಆದರೆ ಇದರಲ್ಲೂ ಸುಳಿವಿದೆ. ಕೊನೆಯ ದಿನಾಂಕ ಗೊತ್ತಿಲ್ಲದಾಗ ತುಂಬಲು ಪ್ರೋಗ್ರಾಮಿನವರು ಇಟ್ಟುಕೊಳ್ಳುವ ಮಾಮೂಲಿ ದಿನಾಂಕ 31-12-9999. ನಾಲ್ಕು ಅಂಕಿಯ ವರ್ಷದಲ್ಲಿ ಅದಕ್ಕಿಂತ ಮುಂದೆ ಜಾಗ ಇಲ್ಲ. ಅಂದರೆ ಯಾವಾಗ ಎದ್ದೇಳುತ್ತೇವೆ ಅಂತ ಒಳಗಿನವರಿಗೇ ಆಗ ಗೊತ್ತಿರಲಿಲ್ಲ.

ಸಂದೇಹ ಹೋದದ್ದು ಅಜ್ಜನ ಮೇಲೆ. ಇಂಡಿವಿಜುವಲ್ ಮಾಸ್ಟರ್ ಫೈಲ್ ಅಂತ ಅವರ ಮೂಲ ದಾಖಲೆಪುಸ್ತಕ ಒಂದಿದೆ. ಪ್ರತಿ ತೆರಿಗೆದಾರರ ಖಾತೆ ಅದರಲ್ಲಿ. 1960ರ ದಶಕದ ಆರಂಭದಲ್ಲಿ ಕಟ್ಟಿದ್ದು, ಅಸೆಂಬ್ಲಿ ಭಾಷೆಯಲ್ಲೂ ಕೋಬಾಲ್‌ನಲ್ಲೂ ಬರೆದದ್ದು. 2012ರ ತನಕ ಅದು ಖಾತೆಗಳನ್ನು ವಾರಕ್ಕೊಮ್ಮೆ ಮಾತ್ರ ಹೊಸದು ಮಾಡುತ್ತಿತ್ತು. 2016ರಲ್ಲಿ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಸರ್ಕಾರದ ಮುದಿ ಕಂಪ್ಯೂಟರುಗಳ ಪಟ್ಟಿ ಮಾಡಿದಾಗ ಇದು ಮೊದಲ ಸಾಲಿನಲ್ಲಿತ್ತು. ಹಾಗಾಗಿ ಅಜ್ಜ ಕೊನೆಗೂ ಹೋದ ಅಂತಲೇ ಎಲ್ಲರೂ ಅಂದುಕೊಂಡರು.

ಅಜ್ಜನಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಹದಿನೆಂಟು ತಿಂಗಳ ಹೊಸ ಯಂತ್ರಸಾಮಗ್ರಿ. ತನಿಖೆಯಲ್ಲಿ ಹೊರಬಿದ್ದದ್ದು ಹೀಗೆ. ಮಾಹಿತಿ ಕೂಡಿಡುವ ಸಾಧನದ ಒಳಗಿನ ಮೈಕ್ರೋಕೋಡಿನಲ್ಲಿ, ಅಂದರೆ ಆ ಸಾಧನವನ್ನು ನಡೆಸುವ ಪ್ರೋಗ್ರಾಮಿನಲ್ಲಿ, ದೋಷ ಇತ್ತು. ಅದನ್ನು ಸರಿಪಡಿಸುವ ತಿದ್ದುಪಡಿಯನ್ನು ತಯಾರಕರು ತಿಂಗಳುಗಳ ಹಿಂದೆಯೇ ಬಿಡುಗಡೆ ಮಾಡಿದ್ದರು. ಐಆರ್‌ಎಸ್ ಯಂತ್ರಗಳಿಗೆ ಅದನ್ನು ಹಾಕಿರಲಿಲ್ಲ. ಆ ಒಂದು ಸಾಧನದ ಮೇಲೆ 59 ವ್ಯವಸ್ಥೆಗಳು ಕೂತಿದ್ದವು. ಒಟ್ಟು ಸುಮಾರು 11 ಗಂಟೆ ಎಲ್ಲವೂ ಒದ್ದಾಡಿ, ಕೊನೆಗೆ ಜನರಿಗೆ ಒಂದು ದಿನ ಜಾಸ್ತಿ ಕೊಟ್ಟರು.

ಹಾಗಂತ ಮುದಿ ತಂತ್ರಜ್ಞಾನ ನಿರ್ದೋಷಿ ಅಂತಲ್ಲ. ಅರವತ್ತು ವರ್ಷದ ಪ್ರೋಗ್ರಾಂ ಇದ್ದಾಗ ಅದನ್ನು ಮುಟ್ಟಲು ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾರೆ. ಅದರ ಸುತ್ತ ಪ್ರತಿ ವರ್ಷ ಹೊಸ ಬಾಗಿಲು, ಹೊಸ ಪುಟ ಕಟ್ಟುತ್ತಾ ಹೋಗುತ್ತಾರೆ, ಎಲ್ಲವೂ ಬಂದು ಒಂದೇ ಕಂಬಕ್ಕೆ ಒರಗುತ್ತವೆ. ಕಂಬ ಗಟ್ಟಿ ಇದ್ದರೂ ಅದರ ಕೆಳಗಿನ ಒಂದು ಹೊಸ ಇಟ್ಟಿಗೆ ಸರಿದರೆ ಸಾಕು. ನನ್ನ ಮಟ್ಟಿಗೆ ದೋಷ ಇರುವುದು ಯಂತ್ರದ ವಯಸ್ಸಿನಲ್ಲಿ ಅಲ್ಲ, ಸಿಕ್ಕ ಔಷಧಿಯನ್ನು ತಿಂಗಳುಗಟ್ಟಲೆ ಕುಡಿಸದೆ ಬಿಟ್ಟದ್ದರಲ್ಲಿ.

ಪೂರ್ತಿ ಹೊಸದು ಕಟ್ಟಿದರೆ? ಅದನ್ನೂ ನಾವು ನೋಡಿದ್ದೇವೆ, ಬೆಂಗಳೂರಿನ ಕೈಯಿಂದಲೇ. ಇನ್ಫೋಸಿಸ್ ಕಟ್ಟಿದ ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ಕ್ಕೆ ಬಂತು. ಮೊದಲ ದಿನದಿಂದಲೇ ತೊಡಕು. ಆಗಸ್ಟ್ 21ರಿಂದ ಪೋರ್ಟಲ್ ಸಿಗಲೇ ಇಲ್ಲ. 23ಕ್ಕೆ ಹಣಕಾಸು ಸಚಿವೆ ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು ಕರೆಸಿ ಕೇಳಿದರು, ಸೆಪ್ಟೆಂಬರ್ 15ರ ಗಡುವು ಕೊಟ್ಟರು. ಆ ವರ್ಷ ಜುಲೈ 31ರ ಕಡೇ ದಿನ ಸೆಪ್ಟೆಂಬರ್ 30ಕ್ಕೂ ಅಲ್ಲಿಂದ ಡಿಸೆಂಬರ್ 31ಕ್ಕೂ ಹೋಯಿತು. ಹಳೇ ಪೋರ್ಟಲ್ ಚೆನ್ನಾಗಿತ್ತು ಅಂತ ಅತ್ತವರಲ್ಲಿ ಅದನ್ನು ಹತ್ತು ವರ್ಷ ಬೈದವರೂ ಇದ್ದರು.

ಬಿದ್ದಾಗ ನಾವು ಮಾಡಬೇಕಾದದ್ದು

ಸರ್ವರ್ ಎಬ್ಬಿಸುವುದು ನಮ್ಮ ಕೈಲಿಲ್ಲ. ಪ್ರಯತ್ನ ಮಾಡಿದ್ದೆವು ಅನ್ನುವ ದಾಖಲೆ ಮಾತ್ರ ನಮ್ಮ ಕೈಲಿದೆ. ದೋಷದ ಪುಟದ ಜೊತೆಗೆ ಕಂಪ್ಯೂಟರಿನ ಗಡಿಯಾರವೂ ಕಾಣುವ ಹಾಗೆ ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಗಂಟೆಗೊಂದು ಸಾಕು, ನಿಮಿಷಕ್ಕೊಂದು ಬೇಡ. ಪೋರ್ಟಲಿನಲ್ಲೇ ದೂರು ದಾಖಲಿಸಿ, ಟಿಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಟಿಡಿಎಸ್ ತಡವಾದರೆ ದಿನಕ್ಕೆ 200 ರೂಪಾಯಿ ಏರುತ್ತಾ ಹೋಗುತ್ತದೆ, ಆ ದಿನಗಳ ಲೆಕ್ಕಕ್ಕೆ ಮುಂದೆ ಇದೇ ಸಾಕ್ಷಿ.

ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಬೇಡಿ. ಅದರಲ್ಲೂ ಸಲ್ಲಿಸು ಅಂತ ಒತ್ತಿದ ಮೇಲೆ ಪುಟ ನಿಂತರೆ, ಮತ್ತೆ ಒತ್ತುವ ಮೊದಲು ಸಲ್ಲಿಸಿದ ರಿಟರ್ನುಗಳ ಪಟ್ಟಿ ನೋಡಿ. ಎಷ್ಟೋ ಸಲ ರಿಟರ್ನ್ ಹೋಗಿರುತ್ತದೆ, ಹೋಯಿತು ಅಂತ ಹೇಳುವ ಪುಟ ಮಾತ್ರ ಬಂದಿರುವುದಿಲ್ಲ.

ಕಡೇ ದಿನ ಮುಂದೂಡಿದರಂತೆ ಅನ್ನುವ ವಾಟ್ಸಾಪ್ ಸುದ್ದಿ ನಂಬಬೇಡಿ, ಆದೇಶ ನೋಡಿ. ಮುಂದೂಡುವುದಂತೂ ಉಂಟು. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲ್ ನಿಂತಾಗ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಕಡೇ ದಿನ 11ರಿಂದ 13ಕ್ಕೆ ಹೋಯಿತು. ಅದೇ ವರ್ಷ ಐಟಿ ರಿಟರ್ನಿಗೆ ಸೆಪ್ಟೆಂಬರ್ 15ರ ನಡುರಾತ್ರಿ ಹೊತ್ತಿಗೆ ಒಂದೇ ಒಂದು ದಿನ ಕೊಟ್ಟರು. ಆ ರಾತ್ರಿ ಆದೇಶ ಬರುವ ಹೊತ್ತಿಗೆ ನಾನು ಲೈಟ್ ಆರಿಸಿ, ಶಟರ್ ಎಳೆದು ಮನೆಗೆ ಹೋಗಿಯಾಗಿತ್ತು.

ರಿಟರ್ನ್ ಹೋಯಿತು, ಆದರೆ ಆಧಾರ್ ಒಟಿಪಿ ಮಾತ್ರ ಬರುತ್ತಿಲ್ಲ ಅಂದರೆ ರಾತ್ರಿ ನಿದ್ದೆ ಕೆಡಬೇಡಿ. ದೃಢೀಕರಿಸಲು 30 ದಿನ ಇದೆ. ಮೊಬೈಲ್ ನಂಬರೇ ಆಧಾರಿಗೆ ಜೋಡಣೆ ಆಗಿಲ್ಲದ ವಯಸ್ಸಾದವರಿಗೆ ನಾನು ಈಗಲೂ ಐಟಿಆರ್-ವಿ, ಅಂದರೆ ದೃಢೀಕರಣದ ಹಾಳೆ ಪ್ರಿಂಟ್ ತೆಗೆದು, ನೀಲಿ ಶಾಯಿಯಲ್ಲಿ ಸಹಿ ಹಾಕಿಸಿ, ಮಡಚದೆ ಲಕೋಟೆಗೆ ಹಾಕಿ ಸ್ಪೀಡ್ ಪೋಸ್ಟ್ ಮಾಡಿಸುತ್ತೇನೆ. ಡಿಎಸ್‌ಸಿ ಕಡ್ಡಾಯ ಇರುವವರಿಗೆ ಈ ದಾರಿ ಇಲ್ಲ. ಮಿಕ್ಕವರು ಕಳಿಸಬೇಕಾದ್ದು ಬೆಂಗಳೂರಿನ ಸಿಪಿಸಿಗೆ, ಅಂದರೆ ಇಲಾಖೆ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರಕ್ಕೆ, ಪಿನ್‌ಕೋಡ್ 560500. 30 ದಿನದೊಳಗೆ ಅಲ್ಲಿ ತಲುಪುವ ಹಾಗೆ ಕಳಿಸಿ, ರಸೀದಿ ಫೈಲಿಗೆ ಪಿನ್ ಮಾಡಿ.